ಕರಗಿದ ರೋಬೋ ಜೈಲಿನಿಂದ ತಪ್ಪಿಸಿಕೊಂಡಿತು ಅನ್ನುವವರಿಗೆ, ಕೊನೆಯ ಸಲ

ಪ್ರಶ್ನೆ: ಸರ, ರೂಪಾ ಬದಲಿಸ್ಕೊಂಡು ವೈರಿ ದಂಡಿನೊಳಗ ಸೇರ್ಕೊಂಡು ಸುದ್ದಿ ತರೋ ರೋಬೋ ಬಂದೈತಂತ. ಜೈಲಿನ ಕಂಬಿ ಒಳಗಿಂದ ಕರಗಿ ಹೊರಗ ಬಂದು ಮತ್ತ ಮನಶ್ಯಾ ಆಗೋ ವಿಡಿಯೋನೂ ನೋಡೀನಿ. ಇದು ಖರೇ ಏನ್ರಿ?

ಉತ್ತರ: ವಿಡಿಯೋ ಖರೆ. ಅದನ್ನು ನೋಡಿ ನೀವು ಅಂದುಕೊಂಡಿದ್ದು ಖರೆ ಅಲ್ಲ.

ಇದನ್ನು ಮುಧೋಳದವರು ಕೇಳಿದ್ದಾರೆ, ಇಂಡಿಯವರು ಕೇಳಿದ್ದಾರೆ, ಗೋಕಾಕದ ಒಬ್ಬ ತಾಯಿ ತಮ್ಮ ಮಗ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿ ಮಲಗ್ತಾನೆ ಅಂತ ಹೇಳಿ ಕೇಳಿದ್ದಾರೆ. ಇಲ್ಲಿ ಬಾಗಲಕೋಟೆಯಲ್ಲಿ ಹತ್ತನೇ ತರಗತಿಗೆ ಲೋಹ-ಅಲೋಹದ ಪಾಠ ತೆಗೆದರೆ ಸಾಕು, ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆ ಬರುತ್ತೆ. ಪ್ರಶ್ನೆ ಏನು ಅಂತ ಕೇಳೋ ಮೊದಲೇ ಉತ್ತರ ಶುರು ಮಾಡೋ ಮಟ್ಟಕ್ಕೆ ಬಂದಿದ್ದೇನೆ. ಹಾಗಾಗಿ ಇದೊಂದು ಸಲ ಪೂರ್ತಿ ಬರೆದುಬಿಡ್ತೀನಿ. ಇನ್ಮೇಲೆ ಯಾರಾದರೂ ಕೇಳಿದರೆ ಇದನ್ನೇ ಓದೋಕೆ ಕೊಡಿ.

ಆ ವಿಡಿಯೋ 2023ರ ಜನವರಿಯದ್ದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಾರ್ಮೆಲ್ ಮಜೀದಿ ಮತ್ತು ಚೀನಾದ ಸಂಶೋಧಕರು ಸೇರಿ ಮಾಡಿದ ಕೆಲಸ, 'ಮ್ಯಾಟರ್' ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಗ್ಯಾಲಿಯಂ ಅನ್ನೋ ಲೋಹ ತಗೊಂಡು, ಅದರೊಳಗೆ ನಿಯೋಡಿಮಿಯಂ ಆಯಸ್ಕಾಂತದ ಸಣ್ಣ ಸಣ್ಣ ಕಣಗಳನ್ನು ಬೆರೆಸಿದರು. ಅದರಿಂದ ಆಟಿಕೆಯ ಮನುಷ್ಯನ ಹಾಗೆ ಕಾಣೋ ಒಂದು ಪುಟ್ಟ ಗೊಂಬೆ ಮಾಡಿ, ಪುಟ್ಟ ಕಂಬಿಗಳ ಹಿಂದೆ ನಿಲ್ಲಿಸಿದರು. ಗೊಂಬೆ ಕರಗಿತು, ಹೊರಗೆ ಬಂತು, ಮತ್ತೆ ಗೊಂಬೆಯಾಗಿ ನಿಂತಿತು. ಜಗತ್ತೇ ಬಾಯಿ ಬಿಟ್ಟು ನೋಡಿತು. ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ.

ಈಗ ಆ ಹಠಮಾರಿ ತಪ್ಪು ತಿಳುವಳಿಕೆಗೆ ಬರೋಣ. "ಅದು ತಾನೇ ಕರಗಿತು, ತಾನೇ ಹೊರಗೆ ಬಂತು, ತಾನೇ ಮತ್ತೆ ಮೊದಲಿನ ಹಾಗಾಯ್ತು." ಈ ಮಾತಿನಲ್ಲಿ ಮೂರು ಸಲ 'ತಾನೇ' ಬಂತಲ್ಲ, ಮೂರೂ ಸುಳ್ಳು.

ತಾನೇ ಕರಗಲಿಲ್ಲ. ಹೊರಗಡೆ ಒಂದು ಸುರುಳಿ ಇತ್ತು, ಅದರಿಂದ ದಿಕ್ಕು ಬದಲಿಸುತ್ತಾ ಇರೋ ಕಾಂತಕ್ಷೇತ್ರ ಹಾಯಿಸಿದರು. ಲೋಹದೊಳಗೆ ವಿದ್ಯುತ್ ಸುಳಿಗಳು ಎದ್ದು ಅದು ಬಿಸಿಯಾಯ್ತು. ನಿಮ್ಮ ಮನೆಯ ಇಂಡಕ್ಷನ್ ಒಲೆಯ ಮೇಲೆ ಪಾತ್ರೆ ಕಾಯೋದು ಇದೇ ತತ್ವದಿಂದ. ಪಾತ್ರೆ ತನ್ನಷ್ಟಕ್ಕೆ ತಾನು ಬಿಸಿಯಾಯ್ತು ಅಂತ ಯಾರಾದರೂ ಹೇಳ್ತಾರಾ? ಒಲೆಯ ಬಟನ್ ಒತ್ತಿದವರು ಯಾರು?

ತಾನೇ ಹೊರಗೂ ಬರಲಿಲ್ಲ. ಒಳಗೆ ಆಯಸ್ಕಾಂತದ ಕಣ ಇದೆ ಅಂದೆನಲ್ಲ, ಹೊರಗಿನಿಂದ ಆಯಸ್ಕಾಂತ ಹಿಡಿದು ಎಳೆದರು, ಬಂತು. ಆ ಗೊಂಬೆಯಲ್ಲಿ ಬ್ಯಾಟರಿ ಇಲ್ಲ. ಮೋಟಾರ್ ಇಲ್ಲ. ಚಿಪ್ ಇಲ್ಲ. ಕಣ್ಣಿಲ್ಲ, ಕಿವಿಯಿಲ್ಲ. ತಾನು ಜೈಲಿನಲ್ಲಿದ್ದೇನೆ ಅಂತಲೂ ಅದಕ್ಕೆ ಗೊತ್ತಿಲ್ಲ, ಬಿಡುಗಡೆ ಆಯ್ತು ಅಂತಲೂ ಗೊತ್ತಿಲ್ಲ. ಇದನ್ನು ಕರೆದುಕೊಂಡು ಹೋಗಿ ಬೇಹುಗಾರಿಕೆ ಮಾಡಿಸ್ತೀರಾ? ಅದು ವಾಪಸ್ ಬಂದು ಏನು ಹೇಳಬೇಕು?

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಜನ ಬಿಡೋಕೇ ಒಪ್ಪದೇ ಇರೋದೂ ಇದನ್ನೇ. ಕರಗಿದ ಲೋಹ ಕಂಬಿಯ ಆಚೆ ಬಂದಾಗ ಅದು ಬರೀ ಒಂದು ಹನಿ. ಆ ಹನಿಯನ್ನು ಗೊಂಬೆ ಆಕಾರದ ಅಚ್ಚಿನೊಳಗೆ ತುಂಬಿ, ಆರಿಸಿ, ಮತ್ತೆ ಗೊಂಬೆ ಮಾಡಿದರು. ಅಚ್ಚು! ಮಹಾಲಿಂಗಪುರದ ಕಡೆ ಗಾಣದಲ್ಲಿ ಕುದ್ದ ಪಾಕವನ್ನು ನೆಲದ ಮೇಲೆ ಚೆಲ್ಲಿ ಕಾಯ್ತಾ ಕೂತರೆ ಅದು ತಾನಾಗೇ ಬೆಲ್ಲದ ಅಚ್ಚಾಗಿ ಎದ್ದು ಕೂರಲ್ಲ, ಅಲ್ವಾ? ಇದೂ ಅಷ್ಟೇ. ದ್ರವಕ್ಕೆ ತನ್ನ ಹಳೆಯ ಆಕಾರದ ನೆನಪು ಇರಲ್ಲ. ಅದಕ್ಕೆ ಮೊದಲು ಮೂಗು ಎಲ್ಲಿತ್ತು, ಕೈ ಎಲ್ಲಿತ್ತು ಅನ್ನೋದು ಅದರೊಳಗೆ ಎಲ್ಲೂ ಬರೆದಿಟ್ಟಿಲ್ಲ. ಸಂಶೋಧಕರು ಇದನ್ನು ಮುಚ್ಚಿಟ್ಟಿರಲಿಲ್ಲ, ಪಾಪ. ವಿಡಿಯೋವನ್ನು ಕತ್ತರಿಸಿ ಹಂಚಿದವರು ಆ ಮಾತನ್ನು ಹೇಳಲಿಲ್ಲ, ನೋಡಿದವರು ಕೇಳಲಿಲ್ಲ.

ಇಷ್ಟು ಹೇಳಿದ ಮೇಲೂ ಒಬ್ಬ ಜಾಣ ಎದ್ದು ನಿಂತು, "ಸರ, ಆಕಾರ ನೆನಪಿಟ್ಕೊಳ್ಳೋ ಲೋಹ ಐತಲ್ರಿ?" ಅನ್ನುತ್ತಾನೆ. ಇದೆ, ತಮ್ಮಾ. ನಿಕಲ್ ಮತ್ತು ಟೈಟೇನಿಯಂ ಸೇರಿಸಿ ಮಾಡೋ ನಿಟಿನಾಲ್. ಅದರ ತಂತಿಯನ್ನು ಬಗ್ಗಿಸಿ, ಬಿಸಿ ಮಾಡಿದರೆ ಮೊದಲಿನ ಆಕಾರಕ್ಕೆ ಬರುತ್ತೆ. ಹಲ್ಲಿಗೆ ಹಾಕೋ ಕ್ಲಿಪ್ಪಿನ ತಂತಿಯಲ್ಲಿ, ರಕ್ತನಾಳದೊಳಗೆ ಇಡೋ ಸ್ಟೆಂಟಿನಲ್ಲಿ ಅದನ್ನು ಬಳಸ್ತಾರೆ. ಆದರೆ ಗಮನಿಸು, ಅದು ಪೂರ್ತಿ ಘನವಾಗೇ ಇರುತ್ತೆ. ಒಳಗಿನ ಪರಮಾಣುಗಳ ಜೋಡಣೆಯಲ್ಲಿ ನೆನಪು ಉಳಿದಿರುತ್ತೆ. ಕರಗಿಸಿದೆಯೋ, ಆ ಜೋಡಣೆ ಹೋಯ್ತು, ನೆನಪೂ ಹೋಯ್ತು. ಕರಗಬೇಕು, ನೆನಪೂ ಇರಬೇಕು ಅಂದರೆ ಆಗಲ್ಲ.

ಇನ್ನು ನಮ್ಮ ಊರಿನ ಲೆಕ್ಕಕ್ಕೆ ಬಂದರೆ ಕಥೆ ಇನ್ನೂ ಕೆಡುತ್ತೆ. ಗ್ಯಾಲಿಯಂ ಕರಗೋದು 29.8 ಡಿಗ್ರಿ ಸೆಲ್ಸಿಯಸ್ಸಿಗೆ. ಅಂಗೈ ಮೇಲೆ ಇಟ್ಟರೆ ಕರಗುತ್ತೆ ಅಂತ ಹತ್ತನೇ ತರಗತಿ ಪುಸ್ತಕದಲ್ಲೇ ಇದೆ. (ಅದೇ ಸಾಲಿನಲ್ಲಿ ಸೀಸಿಯಂ ಹೆಸರೂ ಇದೆ. ಅದನ್ನು ಮಾತ್ರ ಅಂಗೈ ಮೇಲೆ ಇಡೋ ಸಾಹಸ ಬೇಡ. ಗಾಳಿ ತಾಗಿದರೂ ಉರಿದೇಳುತ್ತೆ, ನಿಮ್ಮ ಬೆವರು ಬೇರೆ.) ವಿಜಯಪುರದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತೆ. ಚಳಿಗಾಲದ ಮಧ್ಯಾಹ್ನವೂ 29-30ರ ಹತ್ತಿರ ಹೋಗುತ್ತೆ. ಅಂದರೆ ನಿಮ್ಮ ಬೇಹುಗಾರ ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಅಂತಿಟ್ಟುಕೊಳ್ಳಿ, ಟಾಂಗಾ ಹತ್ತೋ ಮೊದಲೇ ಕಾಲಿಂದ ಮೇಲಕ್ಕೆ ಹನಿಯಾಗಿ, ಫರಸಿ ಕಲ್ಲಿನ ಸಂದಿಯಲ್ಲಿ ಇಳಿದು ಹೋಗಿರ್ತಾನೆ. ರಾತ್ರಿ ಸ್ವಲ್ಪ ತಂಪಾದರೂ ಗಟ್ಟಿಯಾಗ್ತಾನೆ ಅಂತ ಭರವಸೆ ಇಲ್ಲ. ಶುದ್ಧ ಗ್ಯಾಲಿಯಂಗೆ ಒಂದು ಗುಣ ಇದೆ, ಒಮ್ಮೆ ಕರಗಿದರೆ 29.8ಕ್ಕಿಂತ ಕೆಳಗೆ ಇಳಿದ ಮೇಲೂ ಬಹಳ ಹೊತ್ತು ದ್ರವವಾಗೇ ಉಳಿದುಬಿಡುತ್ತೆ.

ಆ ಸಂಶೋಧಕರಿಗೆ ಬೇಹುಗಾರಿಕೆಯ ಯೋಚನೆ ಇರಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಅವರಿಗೆ ಸ್ಫೂರ್ತಿ ಸಮುದ್ರ ಸೌತೆ ಅನ್ನೋ ಜೀವಿ, ಅದು ಮೈಯನ್ನು ಬೇಕೆಂದಾಗ ಬಿರುಸು, ಬೇಕೆಂದಾಗ ಮೆತ್ತಗೆ ಮಾಡಿಕೊಳ್ಳುತ್ತೆ. ಅವರು ತೋರಿಸಿದ್ದು ಹೊಟ್ಟೆಯ ಮಾದರಿಯೊಳಗಿಂದ ನುಂಗಿದ ವಸ್ತು ಹೊರಗೆ ತೆಗೆಯೋದು, ಕೈ ಹೋಗದ ಜಾಗದಲ್ಲಿ ಬೆಸುಗೆ ಹಾಕೋದು, ಇಂಥವನ್ನ. ಅದಕ್ಕೂ ತೊಡಕು ಇದೆ. ನಮ್ಮ ಮೈಯೇ 37 ಡಿಗ್ರಿ, ಹಾಗಾಗಿ ದೇಹದೊಳಗೆ ಅದು ಗಟ್ಟಿಯಾಗಿ ಇರೋದೇ ಇಲ್ಲ, ಕರಗೋ ಬಿಂದು ಜಾಸ್ತಿ ಇರೋ ಮಿಶ್ರಲೋಹ ಬೇಕು ಅಂತ ಅವರೇ ಹೇಳಿದ್ದಾರೆ.

"ಹಂಗಾದ್ರ ಕಾರು ಹೋಗಿ ರೋಬೋ ಆಗೋದು?" ಅದೂ ಇದೆ. ಜಪಾನಿನಲ್ಲಿ 2018ರಲ್ಲಿ ಜೆ-ಡೈಟ್ ರೈಡ್ ಅಂತ ಒಂದನ್ನು ತೋರಿಸಿದರು. ಸುಮಾರು 3.7 ಮೀಟರ್ ಎತ್ತರ, ಇಬ್ಬರು ಕೂರಬಹುದು, ನಡೆಯುತ್ತೆ, ಕಾರೂ ಆಗುತ್ತೆ. ಒಂದರಿಂದ ಇನ್ನೊಂದಾಗೋಕೆ ಒಂದು ನಿಮಿಷದಷ್ಟು ಬೇಕು. ಅಲ್ಲಿವರೆಗೂ ವೈರಿ ಕಾವಲುಗಾರ ಅತ್ತ ಮುಖ ಮಾಡಿ ಬೀಡಿ ಸೇದುತ್ತಾ ನಿಂತಿರಬೇಕು.

ಈಗ ಪ್ರಶ್ನೆಯ ಉಳಿದರ್ಧ, ವೈರಿಗಳ ನಡುವೆ ಸೇರಿಕೊಳ್ಳೋದು. ಇದರಲ್ಲಿ ಎಲ್ಲರೂ ಆಕಾರದ ಹಿಂದೆ ಬಿದ್ದಿದ್ದಾರೆ. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ 1970ರ ದಶಕದಲ್ಲಿ ಥೇಟ್ ಏರೋಪ್ಲೇನ್ ಚಿಟ್ಟೆಯ ಹಾಗೇ ಇರೋ ಹಾರುವ ಯಂತ್ರ ಮಾಡಿತು. ಕದ್ದು ಕೇಳೋ ಸಾಧನ ಹೊತ್ತುಕೊಂಡು ಹೋಗಲಿ ಅಂತ. ನೋಡೋಕೆ ಸಾಚಾ ಚಿಟ್ಟೆ, ಹೊಲದಲ್ಲಿ ಬಿಟ್ಟರೆ ಯಾರೂ ತಿರುಗಿ ನೋಡಲ್ಲ. ಆದರೆ ಅಡ್ಡಗಾಳಿ ಸ್ವಲ್ಪ ಬೀಸಿದರೆ ಅದನ್ನು ಹಿಡಿತದಲ್ಲಿ ಇಡೋಕೆ ಆಗಲಿಲ್ಲ. ಕೈಬಿಟ್ಟರು. ಈಗ ಅದು ಅವರ ಮ್ಯೂಸಿಯಂನಲ್ಲಿದೆ.

ನಿಜವಾಗಿ ಒಳಗೆ ಸೇರಿಕೊಂಡ ರೋಬೋ ಯಾವುದು ಗೊತ್ತಾ? ಜಿರಲೆಗಳ ಗುಂಪಿಗೆ ಸೇರಿದ್ದು. ತಮಾಷೆ ಅಲ್ಲ. ಬೆಲ್ಜಿಯಂನ ಬ್ರಸೆಲ್ಸ್ ವಿಶ್ವವಿದ್ಯಾಲಯದವರ ತಂಡ 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಯೋಗ. ಆ ರೋಬೋಗಳು ಜಿರಲೆಯ ಹಾಗೆ ಇರಲೇ ಇಲ್ಲ. ಗಾಲಿ ಇರೋ ಪುಟ್ಟ ಡಬ್ಬಿ, ಅಷ್ಟೇ. ಮೀಸೆ ಇಲ್ಲ, ರೆಕ್ಕೆ ಇಲ್ಲ. ಅದಕ್ಕೆ ಸುತ್ತಿದ ಕಾಗದಕ್ಕೆ ಮಾತ್ರ ಜಿರಲೆಯ ಮೈವಾಸನೆ ಹಚ್ಚಿದ್ದರು. ಜಿರಲೆಗಳು ಮೀಸೆ ತಾಗಿಸಿ ನೋಡಿದವು, ನಮ್ಮವನೇ ಅಂತ ಒಪ್ಪಿಕೊಂಡವು.

ಮುಂದೆ ಆಗಿದ್ದು ಇನ್ನೂ ಚೆನ್ನಾಗಿದೆ. ಜಿರಲೆಗೆ ಕತ್ತಲೆ ಬೇಕು. ಎರಡು ಅಡಗುತಾಣ ಇಟ್ಟರು, ಒಂದರಲ್ಲಿ ಕತ್ತಲೆ ಜಾಸ್ತಿ, ಒಂದರಲ್ಲಿ ಕಡಿಮೆ. ರೋಬೋಗಳಿಗೆ ಬೆಳಕಿರೋ ಕಡೆಗೇ ಹೋಗೋ ಬುದ್ಧಿ ತುಂಬಿದ್ದರು. ಸಾಕಷ್ಟು ಸಲ ಜಿರಲೆಗಳು ತಮ್ಮ ಹುಟ್ಟುಗುಣ ಬಿಟ್ಟು ರೋಬೋಗಳ ಜೊತೆ ಬೆಳಕಿನ ಕಡೆ ಹೋಗಿ ಕೂತವು. ಎಲ್ಲಾ ಸಲ ಅಲ್ಲ. ಕೆಲವು ಸಲ ಜಿರಲೆಗಳೇ ಗೆದ್ದವು, ರೋಬೋಗಳೇ ಅವುಗಳ ಜೊತೆ ಕತ್ತಲೆಗೆ ಹೋದವು. ಯಾಕೆಂದರೆ ಗುಂಪಿನೊಳಗೆ ಇರಬೇಕಾದರೆ ಗುಂಪಿನ ಮಾತೂ ಕೇಳಬೇಕು, ರೋಬೋಗೆ ಅದನ್ನೂ ಕಲಿಸಿದ್ದರು. ಬರೀ ತನ್ನದೇ ನಡೆಸೋನು ಒಳಗಿನವನು ಅನಿಸಿಕೊಳ್ಳಲ್ಲ.

ಜೇಡದಲ್ಲೂ ಇದೇ ಕಥೆ. ಚಗಳಿ ಇರುವೆಯ ಹಾಗೇ ಕಾಣೋ ಒಂದು ಜೇಡ ನಮ್ಮ ದೇಶದಲ್ಲಿದೆ. ಅಷ್ಟು ಹೋಲಿಕೆ ಇದ್ದರೂ ಅದು ಮೋಸ ಮಾಡೋದು ಇರುವೆಗಳಿಗಲ್ಲ, ಜೇಡ ತಿನ್ನೋಕೆ ಬರೋ ಬೇರೆ ಪ್ರಾಣಿಗಳಿಗೆ. ಇರುವೆಗಳು ಹತ್ತಿರ ಬಂದರೆ ಜಾಗ ಖಾಲಿ ಮಾಡುತ್ತೆ. ಆಸ್ಟ್ರೇಲಿಯಾದಲ್ಲಿ ಇನ್ನೊಂದು ಜೇಡ ಇದೆ, ಇರುವೆ ಗೂಡಿನ ಒಳಗೇ ಓಡಾಡುತ್ತೆ. ಇರುವೆ ಮರಿಗಳನ್ನೇ ತಿಂದು ಅವುಗಳ ವಾಸನೆ ಮೈಗೆ ಹತ್ತಿಸಿಕೊಳ್ಳುತ್ತೆ. ಅದು ಬೇಹುಗಾರ ಅಂದ್ರೆ!

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಡಬೇಕು ಅನಿಸ್ತಿದೆ. ಎಲ್ಲರೂ ರೋಬೋ ಹೇಗೆ ತಪ್ಪಿಸಿಕೊಳ್ಳುತ್ತೆ ಅಂತಲೇ ಕೇಳ್ತಾರೆ. ಸಿಕ್ಕಿಬಿದ್ದರೆ?

ಮನುಷ್ಯ ಬೇಹುಗಾರ ಸಿಕ್ಕಿಬಿದ್ದರೆ ಏನು ಅನ್ನೋದಕ್ಕೆ 1907ರ ಹೇಗ್ ಒಪ್ಪಂದದಲ್ಲಿ ನಿಯಮ ಇದೆ. ಗುಟ್ಟಾಗಿ ಅಥವಾ ಸುಳ್ಳು ವೇಷದಲ್ಲಿ ಯುದ್ಧದ ಜಾಗದಲ್ಲಿ ಸುದ್ದಿ ಸಂಗ್ರಹಿಸಿ ತನ್ನ ಕಡೆಯವರಿಗೆ ಕಳಿಸೋ ಉದ್ದೇಶ ಇರೋ 'ವ್ಯಕ್ತಿ'ಯೇ ಬೇಹುಗಾರ. ಸಮವಸ್ತ್ರ ಹಾಕಿಕೊಂಡೇ ಒಳಗೆ ನುಗ್ಗಿದ ಸೈನಿಕ ಬೇಹುಗಾರ ಅಲ್ಲ. ಸಿಕ್ಕಿಬಿದ್ದವನನ್ನು ವಿಚಾರಣೆ ಇಲ್ಲದೆ ಶಿಕ್ಷಿಸೋ ಹಾಗಿಲ್ಲ. ಇನ್ನೊಂದು ಮಜಾ ಇದೆ. ಕೆಲಸ ಮುಗಿಸಿ ತನ್ನ ಸೈನ್ಯಕ್ಕೆ ವಾಪಸ್ ಸೇರಿಬಿಟ್ಟ ಅಂತಿಟ್ಟುಕೊಳ್ಳಿ, ಆಮೇಲೆ ಮತ್ತೆಂದೋ ಸೆರೆ ಸಿಕ್ಕರೆ, ಹಳೆಯ ಬೇಹುಗಾರಿಕೆಗೆ ಅವನನ್ನು ಶಿಕ್ಷಿಸೋ ಹಾಗಿಲ್ಲ. ಬರೀ ಯುದ್ಧಕೈದಿ.

ಈ ಯಾವುದೂ ರೋಬೋಗೆ ಸಿಗಲ್ಲ. ಅದು ವ್ಯಕ್ತಿ ಅಲ್ಲ, ಸಾಮಾನು. ಸಿಕ್ಕವರ ಪಾಲಿಗೆ ಸಿಕ್ಕ ಮಾಲು. ವಿಚಾರಣೆಯೂ ಇಲ್ಲ, ಕ್ಷಮೆಯೂ ಇಲ್ಲ, ಸ್ಕ್ರೂಡ್ರೈವರ್ ಇದೆ.

2011ರ ಡಿಸೆಂಬರಿನಲ್ಲಿ ಅಮೆರಿಕದ ಆರ್‌ಕ್ಯೂ-170 ಅನ್ನೋ ಬೇಹುಗಾರಿಕೆ ಡ್ರೋನ್ ಇರಾನಿನ ಕೈಗೆ ಸಿಕ್ಕಿತು. ರಾಡಾರಿಗೆ ಕಾಣಬಾರದು ಅಂತಲೇ ಮಾಡಿದ ವಿಮಾನ ಅದು. ಒಬಾಮಾ ವಾಪಸ್ ಕೊಡಿ ಅಂತ ಕೇಳಿದರು. ಇರಾನ್ ಕೊಡಲಿಲ್ಲ, ಅದನ್ನು ಟಿವಿಯಲ್ಲಿ ತೋರಿಸಿತು. 2014ರಲ್ಲಿ ಅದೇ ಆಕಾರದ ತನ್ನದೇ ಡ್ರೋನ್ ಮಾಡಿ ಅದನ್ನೂ ತೋರಿಸಿತು. ಕಳಿಸಿದವರ ಗುಟ್ಟನ್ನೇ ವೈರಿಗೆ ಒಪ್ಪಿಸಿ, ವೈರಿಯ ದಂಡಿನಲ್ಲೇ ಮರಿ ಹಾಕಿದ ಬೇಹುಗಾರ ಅದು. ಗೋಕಾಕದ ಆ ಹುಡುಗನಿಗೆ ಈ ಕಥೆ ಹೇಳಿ, ಕಿಟಕಿ ಸಂದಿಯ ಬಟ್ಟೆ ತೆಗೆಸಿ. ಸೆಖೆ ಜಾಸ್ತಿ ಇದೆ.