ಬೂಟು ಹಾಕಿದ ಗೂಂಬಾ ಒಂದೇ ಲೆವೆಲ್ಲಿಗೆ ಸಾಕು

ಸೂಪರ್ ಮಾರಿಯೊ ಬ್ರದರ್ಸ್ 3 ಎಂಬ ವಿಡಿಯೊ ಗೇಮ್ ಆಡಿ ಮುಗಿಸಿದವರಲ್ಲೂ ಎಷ್ಟೋ ಜನ ಬೂಟು ಹಾಕಿದ ಗೂಂಬಾ ಎಂಬ ಎನಿಮಿಯನ್ನು ನೋಡಿಯೇ ಇಲ್ಲ. ಅದಕ್ಕೆ ಕಾರಣವೂ ಇದೆ. 1988ರಲ್ಲಿ ಜಪಾನಿನಲ್ಲಿ, 1990ರಲ್ಲಿ ಅಮೆರಿಕದಲ್ಲಿ ಬಂದ ಈ ಆಟದಲ್ಲಿ ಎಂಟು ಲೋಕಗಳಿವೆ. ಈ ಎನಿಮಿ ಇರುವುದು ಐದನೇ ಲೋಕದ ಮೂರನೇ ಲೆವೆಲ್ಲಿನಲ್ಲಿ ಮಾತ್ರ. ಮೊದಲ ಲೋಕದಲ್ಲೇ ಎರಡು ಮಾಯದ ಪೀಪಿ ಸಿಗುತ್ತವೆ. ಒಂದರ ಹಿಂದೆ ಒಂದು ಊದಿದರೆ ಸೀದಾ ಎಂಟನೇ ಲೋಕಕ್ಕೆ ದಾರಿ. ನಡುವಿನ ಲೋಕಗಳ ಕಡೆ ತಲೆಯೂ ಹಾಕಬೇಕಿಲ್ಲ.

ಲೆವೆಲ್ ಡಿಸೈನ್ ನನ್ನ ಕಸುಬು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಈ ಗೂಂಬಾವನ್ನು ತಪ್ಪದೆ ತೋರಿಸುತ್ತೇನೆ. ಮಾಮೂಲಿ ಗೂಂಬಾ ನಿಮಗೆ ಗೊತ್ತೇ ಇದೆ. ಕಂದು ಬಣ್ಣ, ಸಿಡುಕು ಮುಖ, ನಡೆದುಕೊಂಡು ಬರುತ್ತೆ, ತಲೆ ಮೇಲೆ ಎಗರಿದರೆ ಅಪ್ಪಚ್ಚಿ. ಇದು ಹಾಗಲ್ಲ. ಮೈಗಿಂತ ದೊಡ್ಡದಾದ ಹಸಿರು ಬೂಟು. ಬೂಟಿನ ಹಿಂದೆ ಆಟಿಕೆಗಳಿಗೆ ಇರುವಂಥ ಕೀಲಿ. ಮೇಲಿಂದ ಇಣುಕುವ ಕಣ್ಣು. ನಡೆಯುವ ಮಾತೇ ಇಲ್ಲ, ಬರೀ ಕುಪ್ಪಳಿಸುವುದು.

ಅದು ನಿಂತಿರುವ ಇಟ್ಟಿಗೆಗೆ ಕೆಳಗಿನಿಂದ ಗುದ್ದಿದರೆ ಗೂಂಬಾ ಉರುಳಿಹೋಗುತ್ತೆ, ಬೂಟು ಉಳಿಯುತ್ತೆ. ಅದರೊಳಗೆ ಹಾರಿದರೆ ನಾವು ಆಡಿಸುವ ಮಾರಿಯೊನೂ ಕುಪ್ಪಳಿಸಲು ಶುರು. ಮೊನಚು ಮುಳ್ಳಿನ ಮೇಲೆ ನಡೆಯಬಹುದು. ಕಚ್ಚುವ ಕಪ್ಪು ಗಿಡಗಳ ಮೇಲೂ ನಡೆಯಬಹುದು. ಪೈಪಿನಿಂದ ತಲೆ ಎತ್ತುವ ಪಿರಾನ್ಹಾ ಗಿಡವನ್ನು ಬರಿಗಾಲಲ್ಲಿ ಮುಟ್ಟಿದರೆ ಪೆಟ್ಟು, ಬೂಟಿದ್ದರೆ ತುಳಿದೇ ಮುಗಿಸಬಹುದು.

ಇಲ್ಲಿ ನನಗೆ ತುಂಬ ಇಷ್ಟವಾಗುವುದು ಆ ಗುದ್ದು. ಬೂಟು ಪಡೆಯಲು ಹೊಸ ಬಟನ್ ಕೊಟ್ಟಿಲ್ಲ, ಹೇಗೆ ಅಂತ ಹೇಳುವ ಬೋರ್ಡೂ ಇಲ್ಲ. 1983ರ ಮಾರಿಯೊ ಬ್ರದರ್ಸ್ ಆರ್ಕೇಡ್ ಆಟದಲ್ಲಿ ಮಾರಿಯೊನ ಮುಖ್ಯ ಕೆಲಸವೇ ಇದಾಗಿತ್ತು. ಆಮೆ ಓಡಾಡುವ ನೆಲಕ್ಕೆ ಕೆಳಗಿನಿಂದ ತಲೆ ಹೊಡೆದು ಅದನ್ನು ಅಂಗಾತ ಬೀಳಿಸುವುದು, ಆಮೇಲೆ ಹತ್ತಿ ಹೋಗಿ ಒದೆಯುವುದು. ಆಗ ಅವನು ಎನಿಮಿಗಳ ತಲೆ ಮೇಲೆ ಎಗರುವಂತೆಯೇ ಇರಲಿಲ್ಲ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ತುಳಿಯುವುದು ಬಂತು, ಗುದ್ದು ಪಕ್ಕಕ್ಕೆ ಸರಿಯಿತು. ಸರಿದರೂ ಕೆಲಸ ಮಾಡುತ್ತಲೇ ಇತ್ತು. ಆ ಹಳೇ ಗುದ್ದಿಗೇ ಇಲ್ಲಿ ಹೊಸ ಬಹುಮಾನ ಕಟ್ಟಿದ್ದಾರೆ. ಎಲ್ಲರೂ ಅಭ್ಯಾಸಬಲದಿಂದ ಮೇಲಿನಿಂದ ಎಗರಲು ಹೋಗುತ್ತಾರೆ. ಕೆಳಗೆ ನುಸುಳಿ ತಲೆ ಎತ್ತಿ ನೋಡಿದವನಿಗೆ ಬೂಟು.

ಇಷ್ಟು ಒಳ್ಳೆಯದನ್ನು ಒಂದೇ ಕಡೆ ಬಳಸಿ ಬಿಟ್ಟರಲ್ಲ, ದುಂದಲ್ವಾ? ನಮ್ಮ ಮೀಟಿಂಗುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಎಕ್ಸೆಲ್ ಶೀಟಿನಲ್ಲಿ ಅಡ್ಡಕ್ಕೆ ಲೆವೆಲ್ಲುಗಳು, ಉದ್ದಕ್ಕೆ ಎನಿಮಿಗಳು. ಯಾವುದಾದರೂ ಸಾಲಿನಲ್ಲಿ ಒಂದೇ ಟಿಕ್ ಕಂಡರೆ ದುಡ್ಡಿನ ಲೆಕ್ಕ ನೋಡುವವರ ಕಣ್ಣು ಅಲ್ಲೇ. ಚಿತ್ರ ಬರೆದಿದ್ದೀರಿ, ಕೋಡ್ ಬರೆದಿದ್ದೀರಿ, ಟೆಸ್ಟ್ ಮಾಡಿದ್ದೀರಿ, ಇನ್ನೂ ನಾಲ್ಕು ಕಡೆ ಹಾಕಿ ಅಂತಾರೆ. ಅವರು ಕೇಳುವುದು ನ್ಯಾಯವೇ. ಆದರೆ ಬೂಟನ್ನೇ ತೆಗೆದುಕೊಳ್ಳಿ. ಲೆವೆಲ್ ಮುಗಿದ ಕೂಡಲೇ ಅದು ಮಾಯ. ಮಾರಿಯೊಗೆ ಬಲ ಕೊಡುವ ಎಲೆ, ಹೂವು, ಕಪ್ಪೆ ಸೂಟುಗಳನ್ನು ಹಾಕಿಕೊಂಡೇ ಮುಂದಿನ ಲೆವೆಲ್ಲಿಗೆ ಹೋಗಬಹುದು. ಬೂಟಿಗೆ ಆ ಸೌಲಭ್ಯವಿಲ್ಲ. ಇದ್ದಿದ್ದರೆ ಏಳನೇ ಲೋಕದ ಕಥೆ ಏನಾಗುತ್ತಿತ್ತು? ಅದು ಪೈಪುಗಳ ಲೋಕ. ಕಚ್ಚುವ ಗಿಡಗಳದ್ದೇ ಅಲ್ಲಿ ಕಾರುಬಾರು. ಬೂಟು ಹಾಕಿದವನಿಗೆ ಅವೆಲ್ಲ ಸುಮ್ನೆ ನೆಲ. ಎಷ್ಟೋ ಲೆವೆಲ್ಲುಗಳ ಕಷ್ಟ ಒಂದೇ ಏಟಿಗೆ ಸತ್ತುಹೋಗುತ್ತಿತ್ತು.

ಇದೇ ಆಟದಲ್ಲಿ ಸಿಟ್ಟಿನ ಸೂರ್ಯನೂ ಅಪರೂಪದವನೇ. ಎರಡನೇ ಲೋಕದ ಮರುಭೂಮಿಯಲ್ಲಿ ಒಮ್ಮೆ, ಎಂಟನೇ ಲೋಕದಲ್ಲಿ ಇನ್ನೊಮ್ಮೆ ಆಕಾಶದಿಂದ ಇಳಿದು ಮೈಮೇಲೆ ಬೀಳುತ್ತಾನೆ. ಅವನು ಹೆದರಿಸುವವನು, ಎರಡು ಸಲ ಬಂದರೂ ನಡೆಯುತ್ತೆ. ಕೈಗೆ ಬಲ ಕೊಡುವ ಎನಿಮಿಯ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು.

2015ರಲ್ಲಿ, ಆಟಗಾರರೇ ಲೆವೆಲ್ ಕಟ್ಟುವ ಸೂಪರ್ ಮಾರಿಯೊ ಮೇಕರ್ ಬಂದಾಗ ಬೂಟು ಆಟಗಾರರ ಕೈಗೇ ಸಿಕ್ಕಿತು, ಯಾರು ಎಲ್ಲಿ ಬೇಕಾದರೂ ಇಡಬಹುದು. ಎತ್ತರ ಹಿಮ್ಮಡಿಯ ಚಪ್ಪಲಿಯೂ ಜೊತೆಗೆ ಬಂತು. ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ಬೂಟಿನ ಲೆವೆಲ್ಲುಗಳನ್ನು ಸಾಲಾಗಿ ಆಡಿದರೆ ಬೇಗ ಬೇಸರ ಬರುತ್ತೆ.

ಹಳೆಯದನ್ನೇ ಆಡಿ ನೋಡಬೇಕೆಂದಿದ್ದರೆ ಪೀಪಿಯನ್ನು ಊದದೆ ಹಾಗೇ ಇಟ್ಟುಕೊಳ್ಳಿ. ಐದನೇ ಲೋಕದಲ್ಲಿ ಗೋಪುರ ಹತ್ತಿ ಮೋಡಗಳಿಗೆ ಹೋಗುವ ಮೊದಲು, ಕೆಳಗಿನ ನೆಲದಲ್ಲೇ ಆ ಮೂರನೇ ಲೆವೆಲ್ ಇದೆ. ಗೂಂಬಾ ಕುಪ್ಪಳಿಸುತ್ತಲೇ ಇರುವುದರಿಂದ, ಅದು ಇಟ್ಟಿಗೆಗೆ ಇಳಿಯುವ ಹೊತ್ತು ನೋಡಿ ಗುದ್ದಿ.