ಹಳೇದು ಬರುವ ಮೊದಲು ಹೊಸದು ಹೋಗಲಿ

ಮನೆಯಲ್ಲಿ ನಾಸ್ ಬಾಕ್ಸ್ (ಮನೆಯವರ ಫೈಲುಗಳನ್ನೆಲ್ಲ ನೆಟ್‌ವರ್ಕಿನಲ್ಲಿ ಒಂದೇ ಕಡೆ ಇಡುವ ಡಿಸ್ಕ್ ಪೆಟ್ಟಿಗೆ) ಇಟ್ಟುಕೊಂಡವರು ಕೊಡಗಿನಲ್ಲಿ ಈಗ ಕಮ್ಮಿ ಏನಿಲ್ಲ. ಹೋಂಸ್ಟೇ ಬಿಲ್ಲು, ತೋಟದ ಲೆಕ್ಕ, ಮದುವೆ ಫೋಟೋಗಳು, ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಹಳೇ ಆಲ್ಬಂ ಸ್ಕ್ಯಾನ್ ಮಾಡಿಸಿದ್ದು, ಎಲ್ಲ ಅದರೊಳಗೆ. ಬಾಕ್ಸ್ ಒಳಗಿನ ಎರಡು ಡಿಸ್ಕ್ ರೇಡ್‌ನಲ್ಲಿ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಕೂಡಲೇ ಬೀಳುವ ಹಾಗೆ, ಜೋಡಿಯಾಗಿ ಓಡಿದರೆ ಅದು ಬ್ಯಾಕಪ್ ಅಲ್ಲ ಅಂತ ಇಲ್ಲಿ ಮತ್ತೆ ಬಿಡಿಸಿ ಹೇಳುವುದಿಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆಗಲೇ ಅಳಿದಿರುತ್ತದೆ, ಅಷ್ಟೇ. ಈ ಬರಹ ಅದನ್ನು ದಾಟಿದವರಿಗೆ. ಹೊರಗಿನ ಹಾರ್ಡ್ ಡಿಸ್ಕ್ ಎರಡು ಕೊಂಡು, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಬೇರೆ ಕಡೆ ಇಟ್ಟು, ಆಗಾಗ ಅದಲು ಬದಲು ಮಾಡುವವರಿಗೆ. ಇಷ್ಟು ಜಾಣರೇ ಒಂದು ಕಡೆ ಎಡವುತ್ತಾರಲ್ಲ, ಅದೇ ನನ್ನ ತಲೆನೋವು.

ಒಂದು ಕಪ್ಪು ಡಿಸ್ಕ್, ಒಂದು ನೀಲಿ ಡಿಸ್ಕ್ ಅಂತ ಇಟ್ಟುಕೊಳ್ಳಿ. ಕಪ್ಪು ಮನೆಯಲ್ಲಿದೆ. ನೀಲಿ ಮೈಸೂರಿನ ಮಗಳ ಮನೆಯಲ್ಲಿ. ಅಪ್ಪ ಅಮ್ಮ ಮಗಳನ್ನು ನೋಡಲು ಹೋಗುತ್ತಾರೆ. ಕಾಫಿ ಪುಡಿ, ಕಾಳುಮೆಣಸು, ಕಿತ್ತಳೆ ಎಲ್ಲ ನೆನಪಾಗುತ್ತದೆ, ಕಪ್ಪು ಡಿಸ್ಕ್ ನೆನಪಾಗುವುದಿಲ್ಲ. ಬರುವಾಗ ಮಾತ್ರ ನೀಲಿಯನ್ನು ಬ್ಯಾಗಿಗೆ ಹಾಕಿಕೊಂಡು ಬರುತ್ತಾರೆ. 'ಹೊಸ ಬ್ಯಾಕಪ್ ತಗೊಂಡು, ಮುಂದಿನ ಸಲ ಹೋಗುವಾಗ ಕೊಟ್ಟರಾಯ್ತು.' ಆ ಮುಂದಿನ ಸಲ ಯಾವಾಗ? ಕಾಫಿ ಕೊಯ್ಲು ಮುಗಿದ ಮೇಲೆ. ಅಲ್ಲಿಯವರೆಗೆ ನಾಸ್, ಕಪ್ಪು, ನೀಲಿ ಮೂರೂ ಒಂದೇ ಸೂರಿನಡಿ. ಮೈಸೂರಲ್ಲಿ ಏನೂ ಇಲ್ಲ.

ಸರಿಯಾದ ಕ್ರಮ ತಿರುಗಾಮುರುಗಾ. ಮೊದಲು ಮನೆಯಲ್ಲಿರುವ ಕಪ್ಪಿಗೆ ಬ್ಯಾಕಪ್ ತಗೊಳ್ಳಿ. ನಾಸ್‌ನಲ್ಲಿ ಇಜೆಕ್ಟ್ ಕೊಟ್ಟು ತೆಗೆಯಿರಿ. ಬೇರೊಂದು ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಫೈಲ್ ನಿಜವಾಗಿ ತೆರೆಯುತ್ತವಾ ನೋಡಿ. ಅದನ್ನು ಮಗಳ ಕೈಗೆ ಕೊಡಿ. ಆಮೇಲೆ ನೀಲಿ ಕೇಳಿ. ಅಂದರೆ ಬರಿಗೈಯಲ್ಲಿ ಹೋದರೆ ಬರಿಗೈಯಲ್ಲೇ ಬನ್ನಿ. ಕಪ್ಪು ಮರೆತು ಹೋದಿರಾ? ನೀಲಿ ಅಲ್ಲೇ ಇರಲಿ, ಮುಟ್ಟಬೇಡಿ. ಅದು ಆರು ತಿಂಗಳು ಹಳೇದಾದರೂ ಪರವಾಗಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ 'ಆಯ್ತು ಆಯ್ತು' ಅಂತಾರೆ, ಆಮೇಲೆ ಫೋನ್ ಮಾಡಿ 'ಎರಡೂ ಇಲ್ಲೇ ಇದೆ, ಈಗ ಯಾವುದು ಚುಚ್ಚಲಿ' ಅಂತಾರೆ.

'ನಾಲ್ಕು ದಿನದಲ್ಲಿ ಏನಾಗಿಬಿಡುತ್ತೆ?' ಅನ್ನುವವರಿಗೆ ಏಪ್ರಿಲ್, ಮೇ ತಿಂಗಳ ನಮ್ಮ ಗುಡುಗು ಸಿಡಿಲು ನೆನಪಿಸಬೇಕಾ? ಇಂಟರ್‌ನೆಟ್ ಕೇಬಲ್ಲಿನಲ್ಲೇ ಬಂದು ರೂಟರ್, ಸ್ವಿಚ್, ನಾಸ್ ಮೂರನ್ನೂ ಸುಟ್ಟುಹಾಕಿದ್ದನ್ನು ನೋಡಿದ್ದೇನೆ. ಯುಪಿಎಸ್ ಪಕ್ಕದಲ್ಲಿ ಆರಾಮಾಗಿತ್ತು. ಪ್ಲಗ್ ಮಾಡದೆ ಬೀರುವಿನಲ್ಲಿಟ್ಟ ಡಿಸ್ಕ್ ಸಿಡಿಲಿಗೆ ಉಳಿಯಬಹುದು, ನಿಜ. ಬೆಂಕಿಗೆ, ಕಳ್ಳನಿಗೆ, ನೀರಿಗೆ ಉಳಿಯುವುದಿಲ್ಲ.

ಇನ್ನು ಬೇರೆ ಕಡೆ ಅಂದರೆ ಎಲ್ಲಿ? ಅದೇ ಎಸ್ಟೇಟಿನ ಗೋಡೌನ್ ಬೇರೆ ಕಡೆ ಅಲ್ಲ. ಪರಿಚಯದ ಬೆಳೆಗಾರರೊಬ್ಬರು ಡಿಸ್ಕನ್ನು ಕಾಲುಚೀಲದೊಳಗೆ ತುರುಕಿ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದರು. ಟೈರ್ ಪ್ರೆಶರ್ ನೋಡುವ ಮೀಟರು, ಅಡಿಕೆ ಚೂರು, ಅದರ ನಡುವೆ ಎರಡು ಟೆರಾಬೈಟ್. 'ಮನೆಯಿಂದ ಹೊರಗೆ ಇಡು ಅಂದೆಯಲ್ಲಪ್ಪಾ, ಜೀಪು ಹೊರಗೇ ತಾನೆ ಇರೋದು?' ಅಂದರು. 'ಅಂಕಲ್, ಜೀಪು ರಾತ್ರಿ ಎಲ್ಲಿ ನಿಲ್ಲುತ್ತೆ?' ಅಂದೆ. ಪೋರ್ಟಿಕೋ ಕಡೆ ನೋಡಿ ನಕ್ಕರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲ್ಲ, ಊಟ ಹಾಕದೆ ಕಳಿಸುವುದೇ ಇಲ್ಲ.

ಪಕ್ಕದ ಊರು ಸಾಕು ಅಂತ ನಾನು ಮೊದಲೆಲ್ಲ ಹೇಳುತ್ತಿದ್ದೆ. 2018ರ ಆಗಸ್ಟ್ ಆದ ಮೇಲೆ ಹಾಗೆ ಹೇಳುವುದಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ದಿನಗಳಲ್ಲೇ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ಮರುವರ್ಷ ಮತ್ತೆ ನುಗ್ಗಿತು. ಹಾಗಾಗಿ ಮೈಸೂರು, ಬೆಂಗಳೂರಿನಲ್ಲಿ ನಂಬುವ ನೆಂಟರಿದ್ದರೆ ಅಲ್ಲಿಡಿ. ಇಲ್ಲದಿದ್ದರೆ ಕನಿಷ್ಠ ಬೇರೆ ಗುಡ್ಡ, ಹೊಳೆಯಿಂದ ದೂರ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ (ಪಾಸ್‌ವರ್ಡ್ ಇಲ್ಲದೆ ಯಾರೂ ಓದದ ಹಾಗೆ ಬೀಗ ಹಾಕಿ), ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ. ಪಾಸ್‌ವರ್ಡ್ ಹೋದರೆ ಆ ಡಿಸ್ಕ್ ನನಗೂ ಬಾಗಿಲು ತೆಗೆಯುವುದಿಲ್ಲ.

ಕ್ಲೌಡ್ ಹಾಕಬಾರದಾ ಅಂತ ಕೇಳುತ್ತಾರೆ. ಹಾಕಿ, ಒಳ್ಳೇದೇ. ಆದರೆ ಒಂದು ಟೆರಾಬೈಟ್ ಕಳಿಸಲು ಹತ್ತು ಎಂಬಿಪಿಎಸ್ ಅಪ್‌ಲೋಡ್ ಎಡೆಬಿಡದೆ ಸಿಕ್ಕರೂ ಒಂಬತ್ತು ದಿನದ ಮೇಲೆ ಬೇಕು. ಜುಲೈನಲ್ಲಿ ಒಂಬತ್ತು ದಿನ ಎಡೆಬಿಡದೆ ಕರೆಂಟು ಇರುವ ಮನೆ ಯಾವುದು ಹೇಳಿ.

ಮಳೆಗಾಲದಲ್ಲಿ ತಂದ ಡಿಸ್ಕನ್ನು ಕೂಡಲೇ ಚುಚ್ಚಬೇಡಿ. ತಣ್ಣಗಿನ ಡಿಸ್ಕ್ ಬೆಚ್ಚಗಿನ ಕೋಣೆಗೆ ಬಂದರೆ ಬೆವರುತ್ತದೆ. ಕೆಲವು ಗಂಟೆ ಕವರಿನೊಳಗೇ ಇರಲಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿ ಆಡದ ಡಬ್ಬಿಯಲ್ಲಿಟ್ಟರೆ ಬೂಷ್ಟಿನ ಕಾಟ ಕಮ್ಮಿ. ಮೇಲೆ ಟೇಪ್ ಅಂಟಿಸಿ ತಾರೀಕು ಬರೆಯಿರಿ.

ಬೇರೆ ಕಡೆ ಇಟ್ಟ ಡಿಸ್ಕನ್ನು ಮನೆಗೆ ತರುವ ಅವಸರ ಜಾಸ್ತಿ ಆಗುವುದು ನಾಸ್ ಕೈಕೊಟ್ಟಾಗ. ಅದೇ ಎಲ್ಲಕ್ಕಿಂತ ಅಪಾಯದ ಹೊತ್ತು. ಡಿಸ್ಕ್ ಚುಚ್ಚಿದ ಕೂಡಲೇ ಬ್ಯಾಕಪ್ ಶುರುವಾಗುವ ಹಾಗೆ ಎಷ್ಟೋ ಜನ ಹೊಂದಿಸಿರುತ್ತಾರೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ (ಬೀಗ ಹಾಕಿ ದುಡ್ಡು ಕೇಳುವ ವೈರಸ್ಸು) ಇಂಟರ್‌ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನಾಸ್ ಬಾಕ್ಸ್‌ಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿತು. ಅಂಥ ಬಾಕ್ಸಿಗೆ ನಿಮ್ಮ ಕೊನೆಯ ಒಳ್ಳೇ ಡಿಸ್ಕ್ ಚುಚ್ಚಿದರೆ, ಹಳೇ ವರ್ಷನ್‌ಗಳನ್ನು ಉಳಿಸುವ ಸೆಟ್ಟಿಂಗ್ ಇಲ್ಲದಿದ್ದಲ್ಲಿ, ಕೆಟ್ಟ ಫೈಲುಗಳೇ ಒಳ್ಳೆಯವುಗಳ ಮೇಲೆ ಕೂತಾವು. ಮೊದಲು ಲ್ಯಾಪ್‌ಟಾಪಿನಲ್ಲಿ ಬೇರೊಂದು ಕಾಪಿ ಮಾಡಿಕೊಂಡು ಆಮೇಲೆ ಮುಂದಿನ ಮಾತು.

ವಿರಾಜಪೇಟೆ ಕಡೆಯ ಫೋಟೋಗ್ರಾಫರ್ ಹುಡುಗನೊಬ್ಬನ ಡಿಸ್ಕ್ ಅವನ ಅಕ್ಕನ ಹತ್ತಿರ ಇರುತ್ತದೆ. ನಾಸ್ ಕೆಟ್ಟ ದಿನ ಅವನು ಬೈಕ್ ಹತ್ತಿ ಅಲ್ಲಿಗೆ ಹೋದ. ಅಕ್ಕ ಕೊಡಲಿಲ್ಲ. ನನಗೇ ಫೋನ್ ಮಾಡಿ, 'ನೀವು ಬನ್ನಿ ಅಣ್ಣಾ, ನಿಮ್ಮ ಕೈಗೆ ಕೊಡ್ತೀನಿ. ಇವನಿಗೆ ಕೊಟ್ಟರೆ ಮನೆಗೆ ಹೋಗಿ ಚುಚ್ಚೇ ಚುಚ್ತಾನೆ' ಅಂದರು.