ಹೊತ್ತಿಗೆ ಒದಗದ ನೆನಪು

ರಾತ್ರಿ ಗುಳಿಗೆ ನುಂಗಬೇಕೆಂಬುದು ಅವರಿಗೆ ಗೊತ್ತು. ಯಾವ ಗುಳಿಗೆ, ಏತಕ್ಕೆ, ಬಿಟ್ಟರೆ ಏನಾಗುತ್ತದೆ ಎಂದು ಕೇಳಿದರೆ ತಡವರಿಸದೆ ಹೇಳಬಲ್ಲರು. ಆದರೆ ಒಂಬತ್ತು ಗಂಟೆಗೆ ಆ ನೆನಪು ತಾನಾಗಿ ಎದ್ದು ಬರುವುದಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿಯನ್ನು ಕಂಡಾಗ ಬರುತ್ತದೆ. ಎಚ್‌ಐವಿ ಸೋಂಕಿನೊಡನೆ ಬಹುಕಾಲ ಬದುಕಿದ ಕೆಲವರಲ್ಲಿ ಕಾಣುವ ಮರೆವು ಇಂಥದ್ದು. ಕಳೆದದ್ದನ್ನು ನೆನೆಯುವುದಕ್ಕಿಂತ, ಮುಂದೆ ಮಾಡಬೇಕಾದದ್ದನ್ನು ಸರಿಯಾದ ಹೊತ್ತಿಗೆ ನೆನೆಯುವುದು ಅವರಿಗೆ ಕಷ್ಟವಾಗುತ್ತದೆ. ಸೋಂಕನ್ನು ಹದ್ದುಬಸ್ತಿನಲ್ಲಿಡಲು ದಿನವೂ ತಪ್ಪದೆ ಗುಳಿಗೆ ಬೇಕು. ಅದನ್ನು ನೆನಪಿಸುವ ಶಕ್ತಿಗೇ ಸೋಂಕು ಕೈಹಾಕುತ್ತದೆ. ಈ ಕಾಯಿಲೆಯ ಬಗ್ಗೆ ಓದುವಾಗಲೆಲ್ಲ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ.

ಎಚ್‌ಐವಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಮಿದುಳನ್ನು ತಲುಪಲು ಅದು ಏಡ್ಸ್ ಹಂತದವರೆಗೆ ಕಾಯುವುದಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಥಾಯ್ಲೆಂಡ್‌ನಲ್ಲಿ, ಸೋಂಕು ತಗಲಿದ ಮೊದಲ ದಿನಗಳಲ್ಲೇ ಪತ್ತೆಯಾದವರನ್ನು ಪರೀಕ್ಷಿಸಿದಾಗ, ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದಲ್ಲಿ ವೈರಾಣುವಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಸುಮಾರು 8ನೇ ದಿನದಷ್ಟು ಬೇಗ ಕಾಣಿಸಿತ್ತು.

ಹೀಗೆ ಒಳಹೊಕ್ಕ ವೈರಾಣು ನಾವು ಯೋಚಿಸಲು ಬಳಸುವ ನರಕೋಶಗಳಿಗೆ ಸೋಂಕು ಹಚ್ಚುವುದಿಲ್ಲ. ರಕ್ತದಲ್ಲಿ ಓಡಾಡುವ ಬಿಳಿ ರಕ್ತಕಣಗಳು ಅದನ್ನು ಹೊತ್ತು ರಕ್ತ–ಮಿದುಳಿನ ತಡೆಗೋಡೆಯನ್ನು ದಾಟುತ್ತವೆ. ಒಳಗೆ ಅದು ನೆಲೆಯೂರುವುದು ಮೈಕ್ರೊಗ್ಲಿಯಾ ಮತ್ತು ಮ್ಯಾಕ್ರೊಫೇಜ್ ಎಂಬ ಕೋಶಗಳಲ್ಲಿ. ಇವು ಮಿದುಳನ್ನು ಕಾಯುವ ಕೋಶಗಳು. ಸೋಂಕು ತಗಲಿದ ಮೇಲೆ ಇವು ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಸುರಿಸತೊಡಗುತ್ತವೆ. ಜಿಪಿ120, ಟ್ಯಾಟ್ ಎಂಬ ವೈರಾಣುವಿನ ಪ್ರೋಟೀನುಗಳೂ ಅವುಗಳೊಡನೆ ಸೇರುತ್ತವೆ. ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿ ಇದು. ಅಕ್ಕಪಕ್ಕದ ನರಕೋಶಗಳು ಒಮ್ಮೆಲೇ ಸಾಯುವುದಿಲ್ಲ. ಮೊದಲು ಅವುಗಳ ಕವಲುಗಳು ಮೊಟಕಾಗುತ್ತವೆ, ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವ ಸಂಧಿಗಳು ಸಡಿಲವಾಗುತ್ತವೆ. ಮೈಕ್ರೊಗ್ಲಿಯಾಗಳು ವರ್ಷಗಟ್ಟಲೆ ಬದುಕುವುದರಿಂದ ವೈರಾಣುವಿಗೆ ಅಲ್ಲಿ ಗಟ್ಟಿಯಾದ ಅಡಗುತಾಣವೂ ಸಿಕ್ಕಂತಾಗುತ್ತದೆ.

ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಅದನ್ನು ಮುಂಭಾಗಕ್ಕೆ ಜೋಡಿಸುವ ಬಿಳಿ ನರತಂತುಗಳಿಗೆ ಹಾನಿ ಹೆಚ್ಚು. ಆದ್ದರಿಂದಲೇ ಚಿಕಿತ್ಸೆ ಸಿಗದವರಲ್ಲಿ ಮೊದಲು ಕಾಣುವುದು ನಿಧಾನ: ಮಾತಿಗೆ ಉತ್ತರ ಬರುವುದು ತಡ, ಬೆರಳುಗಳ ಚುರುಕು ಕಡಿಮೆ, ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸುವಾಗ ಗೊಂದಲ. ಆಲ್‌ಝೈಮರ್ ಕಾಯಿಲೆಯ ಮರೆವಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಸರಳ ಪರೀಕ್ಷೆಯಲ್ಲಿ ತಿಳಿಯುತ್ತದೆ. ನಾಲ್ಕು ಪದಗಳನ್ನು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಆಲ್‌ಝೈಮರ್ ಇರುವವರಿಗೆ ಸುಳಿವು ಕೊಟ್ಟರೂ ಹೆಚ್ಚಾಗಿ ಪ್ರಯೋಜನವಿಲ್ಲ, ಏಕೆಂದರೆ ಪದವು ಮನಸ್ಸಿನಲ್ಲಿ ದಾಖಲಾಗಿಯೇ ಇರುವುದಿಲ್ಲ. ಎಚ್‌ಐವಿಯಿಂದ ತೊಂದರೆಗೊಳಗಾದವರಿಗೆ ‘ಅದೊಂದು ಬಣ್ಣ’ ಎಂದರೆ ಸಾಕು, ಬಹಳಷ್ಟು ಸಲ ಪದ ನಾಲಿಗೆಗೆ ಬರುತ್ತದೆ. ನೆನಪು ಒಳಗಿದೆ, ಅದನ್ನು ಹುಡುಕಿ ತೆಗೆಯುವ ದಾರಿ ಹಾಳಾಗಿದೆ.

1986ರಲ್ಲಿ ಅಮೆರಿಕದ ನರರೋಗ ತಜ್ಞರಾದ ಬ್ರಾಡ್‌ಫರ್ಡ್ ನವಿಯಾ ಮತ್ತು ರಿಚರ್ಡ್ ಪ್ರೈಸ್ ಸಂಗಡಿಗರೊಡನೆ, ಅರಿವು ತೀವ್ರವಾಗಿ ಕುಂದುವ ‘ಏಡ್ಸ್ ಡಿಮೆನ್ಷಿಯಾ’ವನ್ನು ವಿವರವಾಗಿ ದಾಖಲಿಸಿದಾಗ ಅದು ಭೀಕರ ಸ್ಥಿತಿಯಾಗಿತ್ತು. ರೋಗಿಗಳು ಕೆಲವೇ ತಿಂಗಳುಗಳಲ್ಲಿ ಮಾತು, ನಡಿಗೆ ಎರಡನ್ನೂ ಕಳೆದುಕೊಳ್ಳುತ್ತಿದ್ದರು. 1996ರಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದ ಮೇಲೆ ಆ ಚಿತ್ರ ಬದಲಾಯಿತು. 2010ರಲ್ಲಿ ಪ್ರಕಟವಾದ, ಅಮೆರಿಕದ 1,555 ಜನರನ್ನು ಒಳಗೊಂಡ ಚಾರ್ಟರ್ ಅಧ್ಯಯನದಲ್ಲಿ ಡಿಮೆನ್ಷಿಯಾ ಇದ್ದವರು ಸುಮಾರು ಶೇಕಡಾ 2ರಷ್ಟು ಮಾತ್ರ. ಆದರೆ ಅದೇ ಅಧ್ಯಯನ ಅರ್ಧದಷ್ಟು ಜನರಲ್ಲಿ ಒಂದಲ್ಲ ಒಂದು ಬಗೆಯ ಅರಿವಿನ ಕುಂದು ಇದೆ ಎಂದಿತು. ಈ ಸಂಖ್ಯೆಯನ್ನು ಎಚ್ಚರಿಕೆಯಿಂದ ಓದಬೇಕು. ಅವರಲ್ಲಿ ಹೆಚ್ಚಿನವರಿಗೆ ದಿನನಿತ್ಯದ ಬದುಕಿನಲ್ಲಿ ತೊಂದರೆಯೇ ಇರಲಿಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು ಅಷ್ಟೆ. ಓದಿನ ಕೊರತೆ, ಬಡತನ, ಖಿನ್ನತೆ, ನಿದ್ದೆಗೇಡು ಇವೆಲ್ಲವೂ ಅಂಕವನ್ನು ಇಳಿಸಬಲ್ಲವು. ಅಂಕ ಕಡಿಮೆಯಾದ ಮಾತ್ರಕ್ಕೆ ಮಿದುಳು ಕುಂದಿದೆ ಎನ್ನಬಾರದೆಂದು ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 2023ರಲ್ಲಿ ಸಲಹೆ ನೀಡಿತು. ಅದು ಸರಿಯಾದ ಹೆಜ್ಜೆ. ಮೊದಲೇ ಕಳಂಕ ಹೊತ್ತವರ ತಲೆಗೆ ‘ಬುದ್ಧಿ ಮಂಕಾಗಿದೆ’ ಎಂಬ ಇನ್ನೊಂದು ಹಣೆಪಟ್ಟಿ ಕಟ್ಟುವುದು ಅನ್ಯಾಯ.

ಚಿಕಿತ್ಸೆ ತಪ್ಪದೆ ನಡೆದು ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕುಗ್ಗಿದವರಲ್ಲಿ ಬಹುತೇಕರ ಅರಿವು ವರ್ಷಗಳ ಕಾಲ ಸ್ಥಿರವಾಗಿಯೇ ಇರುತ್ತದೆ. ಚಿಕಿತ್ಸೆಗೆ ಮುನ್ನ, ರೋಗನಿರೋಧಕ ಶಕ್ತಿಯನ್ನು ಅಳೆಯಲು ಎಣಿಸುವ ಸಿಡಿ4 ಎಂಬ ಬಿಳಿ ರಕ್ತಕಣಗಳ ಎಣಿಕೆ ತೀರಾ ಕೆಳಗಿಳಿದಿದ್ದವರಿಗೆ ಅಪಾಯ ಹೆಚ್ಚು. ತಡವಾಗಿ ಪತ್ತೆಯಾಗುವುದರ ಬೆಲೆ ಇದು. ವಯಸ್ಸಾದಂತೆ ರಕ್ತದೊತ್ತಡ, ಮಧುಮೇಹ, ಮದ್ಯಪಾನಗಳೂ ತಮ್ಮ ಪಾಲಿನ ಹಾನಿಯನ್ನು ಸೇರಿಸುತ್ತವೆ. ಅಪರೂಪಕ್ಕೆ, ರಕ್ತದಲ್ಲಿ ಕುಗ್ಗಿದ ವೈರಾಣು ಮಿದುಳಿನ ಸುತ್ತಲಿನ ದ್ರವದಲ್ಲಿ ಮಾತ್ರ ಹೆಚ್ಚುವುದೂ ಉಂಟು. ಹೊಸದಾಗಿ ಮಂಕು ಕವಿದರೆ ವೈದ್ಯರು ಅದನ್ನು ಹುಡುಕಿ ಔಷಧ ಬದಲಾಯಿಸಬಲ್ಲರು.

ನೆನಪು ಒಳಗೆ ಉಳಿದಿದೆ ಎಂಬ ಮಾತಿಗೆ ರಾತ್ರಿಯ ಗುಳಿಗೆಯ ವಿಷಯದಲ್ಲೇ ಉಪಯೋಗವಿದೆ. ಸುಳಿವಿಗೆ ಓಗೊಡುವ ಮರೆವಿಗೆ ಸುಳಿವನ್ನು ಹೊರಗೆ ಇಡಬಹುದು. ವಾರದ ಏಳು ಖಾನೆಗಳ ಡಬ್ಬಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿದ್ದರೆ, ರಾತ್ರಿ ಬ್ರಷ್ಷಿಗೆ ಕೈಹಾಕಿದಾಗ ಕಣ್ಣಿಗೆ ಬೀಳುವುದು ಇನ್ನೂ ತೆರೆಯದ ಆ ದಿನದ ಖಾನೆ.